ಎಲಿಯಾಸನ ಕಡೆಗೆ ಉರುಳಿದ ಚೆಂಡು

ನಮ್ಮ ಊರಲ್ಲಿ ದುಂಡಗಿರುವ ಯಾವುದನ್ನೇ ನೆಲದ ಮೇಲೆ ಬಿಟ್ಟರೂ ಅದು ಸುಮ್ಮನೆ ನಿಲ್ಲುವುದಿಲ್ಲ. ಹತ್ತಿರ ಇರುವವರಲ್ಲಿ ಯಾರು ಏನನ್ನಾದರೂ ಮುಚ್ಚಿಟ್ಟಿದ್ದಾರೋ ಅವರ ಕಡೆಗೆ ಉರುಳುತ್ತದೆ. ಇಬ್ಬರು ಮುಚ್ಚಿಟ್ಟಿದ್ದರೆ ಹೆಚ್ಚು ಮುಚ್ಚಿಟ್ಟವರ ಕಡೆಗೆ. ಅದಕ್ಕೇ ನಮ್ಮ ಸಂತೆಯಲ್ಲಿ ಉಳ್ಳಾಗಡ್ಡಿಯನ್ನು ನೆಲಕ್ಕೆ ಸುರುವಿ ಮಾರುವುದಿಲ್ಲ, ಬುಟ್ಟಿಯ ಅಂಚು ಮೀರಿ ಯಾರೂ ನಿಂಬೆಹಣ್ಣು ತುಂಬುವುದಿಲ್ಲ. ಮದುವೆಯ ಮನೆಯಲ್ಲಿ ತೆಂಗಿನಕಾಯಿಗಳನ್ನು ಗೋಣಿಚೀಲದಿಂದ ಹೊರಗೆ ತೆಗೆಯುವುದು ಒಡೆಯುವ ಹೊತ್ತಿಗೇ. ಮಕ್ಕಳು ಕಬಡ್ಡಿ ಆಡುತ್ತಾರೆ, ಖೋಖೋ ಆಡುತ್ತಾರೆ, ಚಿಣಿಕೋಲು ಆಡುತ್ತಾರೆ. ಗೋಲಿಗುಂಡು ಏನೆಂದು ಅವರಿಗೆ ಗೊತ್ತಿಲ್ಲ.

ಎಷ್ಟು ಹುಷಾರಾಗಿದ್ದರೂ ಒಮ್ಮೊಮ್ಮೆ ಕೈತಪ್ಪುತ್ತದೆ. ಯಾರದೋ ಚೀಲ ಹರಿದು ಒಂದು ಟೊಮೆಟೊ ಬಸ್ಸಿನ ಸಾಲಿನಲ್ಲಿ ನಿಂತವರ ನಡುವೆ ಹಾದು, ಒಬ್ಬರ ಚಪ್ಪಲಿಗೆ ತಾಗಿ ನಿಲ್ಲುತ್ತದೆ. ಆಗ ಉಳಿದವರೆಲ್ಲ ಬಸ್ಸು ಬರುವ ದಾರಿಯನ್ನು ನೋಡುತ್ತಾರೆ. ಆ ಮನುಷ್ಯ ಬಗ್ಗಿ ಟೊಮೆಟೊ ಎತ್ತಿ ಕೊಡುತ್ತಾನೆ. ಯಾರೂ ಏನೂ ಕೇಳುವುದಿಲ್ಲ. ಕೇಳುವವರನ್ನು ನಮ್ಮಲ್ಲಿ ಮನೆತನ ಇಲ್ಲದವರು ಅನ್ನುತ್ತಾರೆ. ಹಾಗೆಂದು ಯಾರಿಗೂ ಸಂಶಯ ಬರುವುದಿಲ್ಲ ಎಂದಲ್ಲ. ಸಂಶಯವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬದುಕುವುದನ್ನು ನಾವು ಚಿಕ್ಕಂದಿನಿಂದಲೇ ಕಲಿತಿದ್ದೇವೆ.

ನನ್ನದು ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ. ಗಂಡ ತೀರಿಕೊಂಡ ಮೇಲೆ ನಾನೇ ಶುರು ಮಾಡಿದ್ದು. ರೊಟ್ಟಿ, ಝುಣಕ, ಎಣಗಾಯಿ, ಮಜ್ಜಿಗೆ. ನನ್ನ ಅಡಿಗೆಮನೆಯಲ್ಲಿ ಉಳ್ಳಾಗಡ್ಡಿ ಕೆಳಗೆ ಬಿದ್ದರೆ ನನ್ನ ಕಡೆ ಬರುತ್ತಿರಲಿಲ್ಲ. ಬಾಗಿಲಾಚೆ ಊಟಕ್ಕೆ ಕೂತವರಲ್ಲಿ ಯಾರನ್ನೋ ಹುಡುಕಿಕೊಂಡು ಹೋಗುತ್ತಿತ್ತು. ಕಾಶವ್ವನ ಮನೆಯಲ್ಲಿ ಕಾಯಿಪಲ್ಲೆ ನೆಲದ ಮೇಲೆ ಇಡಬಹುದು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಒಂಟಿ ಹೆಂಗಸು ಅಂಗಡಿ ನಡೆಸಬೇಕೆಂದರೆ ಆ ಹೆಸರು ದೊಡ್ಡದು. ನನಗೆ ಅದರ ಹೆಮ್ಮೆಯೂ ಇತ್ತು.

ಊರು ಬೆಳೆಯುತ್ತಿತ್ತು. ಹೊಲಗಳೆಲ್ಲ ಬಡಾವಣೆಗಳಾದವು, ರೈಲ್ವೆ ಗೇಟಿನ ಮೇಲೆ ಸೇತುವೆ ಬಂತು, ಎರಡು ಸಿನಿಮಾ ಮಂದಿರ ಒಡೆದು ಒಂದು ಮಾಲ್ ಆಯಿತು. ಅಂಥ ಹೊತ್ತಲ್ಲಿ ಬಂದವನು ಸುದರ್ಶನ ಪೋತದಾರ. ಎಲ್ಲಿಂದಲೋ ಬಂದ ಮನುಷ್ಯ, ಬಿಳಿ ಶೂ, ಕೈಯಲ್ಲಿ ಹಳದಿ ಬಣ್ಣದ ಒಂದು ಜರ್ಸಿ. ಈ ಊರಿಗೆ ತಾನು ಫುಟ್‌ಬಾಲ್ ತರುತ್ತೇನೆ ಎಂದ. ಸಂಬಳ ಕೊಟ್ಟು ಆಡಿಸುವ ಟೀಮು. ಈಗ ಮೂರನೇ ದರ್ಜೆಯ ಲೀಗು, ಗೆದ್ದರೆ ಎರಡನೆಯದು, ಆಮೇಲೆ ಮೊದಲನೆಯದು.

ನಗರಸಭೆಯಲ್ಲಿ ಇದಕ್ಕಾಗಿ ಕರೆದ ಸಭೆಗೆ ನಾನೂ ಹೋಗಿದ್ದೆ. ಚಹಾ ಕೊಡುವ ಗುತ್ತಿಗೆ ನನ್ನದಿತ್ತು. ಗೂಳಪ್ಪ ಮಾಸ್ತರು ಮೊದಲು ಎದ್ದು ನಿಂತರು. ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು, ಊರಿನ ಅರ್ಧ ಗಂಡಸರ ಕಿವಿ ಹಿಂಡಿದವರು.

"ಅಲ್ರೀ, ಸಾವಿರಾರು ಮಂದಿ ಸೇರಿದ ಜಾಗದಾಗ ಒಂದು ಚೆಂಡು ಬಿಡತೀನಿ ಅಂತೀರಲ್ಲ. ಅದು ಯಾರ ಮಡಿಲಾಗ ಹೋಗಿ ಕೂಡತೈತೋ ಯಾರಿಗೆ ಗೊತ್ತು? ಊರ ಮರ್ಯಾದೆ ಏನಾಗಬೇಕು?"

ಪೋತದಾರ ನಕ್ಕ. "ಮೈದಾನದ ಸುತ್ತ ಅಗಲವಾಗಿ ಕಂದಕ ತೋಡಿಸ್ತೀನಿ ಸರ್. ಜನ ಕಂದಕದ ಆಚೆ. ಚೆಂಡು ದಾಟಿ ಬರೋದಿಲ್ಲ. ಆಡೋರೆಲ್ಲ ಹೊರಗಿನ ಹುಡುಗರು. ಅವರ ಗುಟ್ಟು ನಿಮಗ್ಯಾಕೆ?"

"ನಿಮಗ ಇದರಾಗ ಏನ ಸಿಗತೈತಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಲಾಭ" ಎಂದ. "ಹೆಸರು. ಇನ್ನೇನು?"

ಅಷ್ಟು ನೇರವಾಗಿ ಹೇಳಿದ್ದು ಯಾರಿಗೂ ಸರಿಬರಲಿಲ್ಲ. ಮುಂದೆ ತಿಂಗಳೊಪ್ಪತ್ತಿನಲ್ಲಿ ಆಟಗಾರರ ಊಟದ ವ್ಯವಸ್ಥೆ ಕೇಳಲು ಅವನು ನನ್ನ ಖಾನಾವಳಿಗೆ ಬಂದಾಗ, ನಾನು ಬೇಕೆಂದೇ ಒಂದು ಉಳ್ಳಾಗಡ್ಡಿಯನ್ನು ಕೈಜಾರಿ ಬಿಟ್ಟೆ. ಅದು ಅವನ ಬಿಳಿ ಶೂಗಳ ಪಕ್ಕದಲ್ಲೇ ಹಾದು ಮೂಲೆಯಲ್ಲಿ ಉಣ್ಣುತ್ತಿದ್ದ ಕಂಡಕ್ಟರನ ಕಡೆ ಹೋಯಿತು. ಪೋತದಾರನಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಏನೂ ಮುಚ್ಚಿಡದ ಮನುಷ್ಯನಿಗೆ ನಾಚಿಕೆಯೂ ಇರಲಿಕ್ಕಿಲ್ಲ ಎನ್ನಿಸಿತು.

ಆಟಗಾರರನ್ನು ಆರಿಸುವ ದಿನ ನಾನು ಮೈದಾನಕ್ಕೆ ಮಜ್ಜಿಗೆ ಒಯ್ದಿದ್ದೆ. ಬೇರೆ ಬೇರೆ ಕಡೆಯಿಂದ ಬಂದ ಹುಡುಗರು ಓಡಿದರು, ಒದ್ದರು, ಹಾರಿದರು. ಗೋಲ್‌ಕೀಪರ್ ಆಗಲು ಬಂದವರು ಸಾಲಾಗಿ ನಿಂತಿದ್ದರು. ಪೋತದಾರ ಅವರಿಗೆ ಹಾರಲು ಹೇಳಲಿಲ್ಲ. ಚೆಂಡನ್ನು ಅವರೆದುರು ಸ್ವಲ್ಪ ದೂರದಲ್ಲಿ ಮೆಲ್ಲಗೆ ಇಟ್ಟು ಕೈ ತೆಗೆದ. ಚೆಂಡು ಒಂದು ಕ್ಷಣ ಯೋಚಿಸಿದಂತೆ ಅತ್ತಿತ್ತ ಅಲುಗಿತು. ಆಮೇಲೆ ಸಾಲಿನ ತುದಿಯಲ್ಲಿದ್ದ, ಎತ್ತರದ, ಕುರುಚಲು ಗಡ್ಡದ ಒಬ್ಬನ ಕಾಲಿಗೆ ನೆಟ್ಟಗೆ ಹೋಗಿ ನಿಂತಿತು.

"ಇವನೇ" ಎಂದ ಪೋತದಾರ.

ಅವನ ಹೆಸರು ಎಲಿಯಾಸ್. ಕಡಲ ಕಡೆಯವನು. ನಮ್ಮ ನೆಲದ ಗುಣ ಗೊತ್ತಿರದ ಅವನು, ಆರಿಸಿದ್ದಕ್ಕೆ ಖುಷಿಪಟ್ಟು ಸುತ್ತ ನೋಡಿದ. ಮಜ್ಜಿಗೆ ಕುಡಿಯುತ್ತಿದ್ದ ನಮ್ಮೂರಿನವರೆಲ್ಲ ಆಕಾಶ ನೋಡುತ್ತಿದ್ದರು. ನಾನೊಬ್ಬಳೇ ಅವನನ್ನೇ ನೋಡಿದೆ. ಇಷ್ಟು ಬೇಗ ಚೆಂಡು ಹುಡುಕಿಕೊಂಡು ಹೋಗುವಂಥದ್ದು ಇವನ ಹತ್ತಿರ ಏನಿದ್ದೀತು ಎಂದು ಅಂದೇ ನನ್ನ ಮನಸ್ಸು ಕೆಟ್ಟಿತು.

ಆಟ ಶುರುವಾಯಿತು. ಒದ್ದ ಚೆಂಡು ಒದ್ದ ಕಡೆಗೇ ಹೋಗುತ್ತಿತ್ತು. ವೇಗ ತಗ್ಗಿ ನೆಲ ಹಿಡಿದಾಗ ಮಾತ್ರ ಅದು ಊರಿನ ಮಾತು ಕೇಳುತ್ತಿತ್ತು. ಎದುರಿನವರು ಗೋಲಿನ ಮೂಲೆಗೆ ಗುರಿಯಿಟ್ಟು ಒದೆಯುವರು. ಚೆಂಡು ಹುಲ್ಲಿನ ಮೇಲೆ ಬಾಗಿ ಬಾಗಿ ಎಲಿಯಾಸನ ಕೈಗೆ ಬರುವುದು. ಹೊರಗಿನ ಟೀಮುಗಳು ನೆಲ ಇಳಿಜಾರಾಗಿದೆ ಎಂದು ದೂರು ಕೊಟ್ಟವು. ಯಾರೋ ಬಂದು ಅಳೆದು ನೋಡಿ, ಸಮತಟ್ಟಾಗಿದೆ ಎಂದು ಹೋದರು. ನಮ್ಮ ಮೈದಾನದಲ್ಲಿ ನಮ್ಮ ಟೀಮು ಸೋಲುವುದೇ ನಿಂತಿತು. ಊರಿಗೆ ಹುಚ್ಚು ಹಿಡಿಯಿತು. ರಿಕ್ಷಾಗಳಿಗೆಲ್ಲ ಹಳದಿ ಬಾವುಟ. ಚೆಂಡೇ ಬೇಡ ಎಂದಿದ್ದ ಗೂಳಪ್ಪ ಮಾಸ್ತರು ಅಭಿಮಾನಿ ಸಂಘದ ಅಧ್ಯಕ್ಷರಾದರು.

ಆದರೆ ಹೊರಗಿನ ಊರುಗಳಿಗೆ ಹೋದಾಗ ಅದೇ ಎಲಿಯಾಸ್ ಸುಲಭದ ಚೆಂಡುಗಳನ್ನು ಬಿಟ್ಟುಕೊಡುತ್ತಿದ್ದ. ಒಮ್ಮೆ ನಮ್ಮ ಮೈದಾನದಲ್ಲೇ, ಎಡಗಡೆಯಿಂದ ಮೇಲೆ ಹಾರಿಬಂದ ಚೆಂಡಿಗೆ ಅವನು ಕೈಯನ್ನೇ ಎತ್ತಲಿಲ್ಲ. ಆ ಸಂಜೆಯಿಂದ ಗುಸುಗುಸು ಎದ್ದಿತು. ಕೇಳಬಾರದೆಂಬ ಮರ್ಯಾದೆ ಇದ್ದದ್ದು ನಿಜ, ಆದರೆ ವಾರ ವಾರ ಊರಿಗೆ ಊರೇ ಕೂತು ಚೆಂಡು ಒಬ್ಬನ ಕಾಲಿಗೇ ಹೋಗುವುದನ್ನು ನೋಡುತ್ತಿದ್ದರೆ ಎಷ್ಟು ದಿನ ಆಕಾಶ ನೋಡಿಕೊಂಡಿರುತ್ತಾರೆ? ಅವನು ಯಾರನ್ನೋ ಕೊಂದು ಬಂದಿದ್ದಾನೆ ಎಂದರು. ಹೆಂಡತಿಯನ್ನು ಬಿಟ್ಟು ಓಡಿಬಂದಿದ್ದಾನೆ ಎಂದರು. ಕೊನೆಗೆ ಎಲ್ಲರೂ ಒಪ್ಪಿಕೊಂಡದ್ದು ಒಂದೇ ಮಾತು: ಅವನು ಮ್ಯಾಚ್ ಮಾರಿಕೊಳ್ಳುತ್ತಾನೆ.

"ಇನ್ನು ಉಳಿದದ್ದು ಒಂದ ಆಟ, ಕಾಶವ್ವ" ಎಂದು ಗೂಳಪ್ಪ ಮಾಸ್ತರು ಒಂದು ದಿನ ರೊಟ್ಟಿ ಮುರಿಯುತ್ತ ಹೇಳಿದರು. "ಸಮ ಆದ್ರೂ ಸಾಕು, ಎರಡನೇ ದರ್ಜೆಗೆ ಏರತೀವಿ. ಅಂವ ಅದನ್ನ ಮಾರಿದ್ರ? ಅವನಿಗೆ ದಿನಾ ಉಣ್ಣಾಕ ಹಾಕಾಕಿ ನೀನು. ನಿನಗೇನೂ ಕಂಡಿಲ್ಲೇನು?"

ನನಗೆ ಕಂಡಿತ್ತು. ಅವನು ನನ್ನ ಮುಖ ನೋಡುತ್ತಿರಲಿಲ್ಲ. ಎಡಗಡೆ ನಿಂತು ರೊಟ್ಟಿ ಬಡಿಸಿದರೆ ಕತ್ತನ್ನೇ ಎತ್ತುತ್ತಿರಲಿಲ್ಲ. ಎರಡು ಸಲ ಕರೆದ ಮೇಲೆ ಬೆಚ್ಚಿದವನಂತೆ ಪೂರ್ತಿ ತಿರುಗುತ್ತಿದ್ದ. ಕಳ್ಳನ ಲಕ್ಷಣ ಎಂದೇ ನಾನು ತಿಳಿದಿದ್ದೆ. ಮಾಸ್ತರಿಗೆ ಅದನ್ನು ಹೇಳಲಿಲ್ಲ. ಹೇಳುವ ಮೊದಲು ನಾನೇ ತಿಳಿದುಕೊಳ್ಳಬೇಕು ಅನ್ನಿಸಿತು.

ಮರುದಿನ ಮಧ್ಯಾಹ್ನ ಉಳಿದ ಆಟಗಾರರು ಉಂಡು ಎದ್ದು ಹೋದರು. ಎಲಿಯಾಸ್ ನಿಧಾನ, ಅವನು ಮಜ್ಜಿಗೆ ಅನ್ನಕ್ಕೆ ಕೂತಿದ್ದ. ನಾನು ಎದುರು ಬಂದು ಕೂತೆ.

"ನೋಡಪಾ, ನಮ್ಮೂರಾಗ ಇದನ್ನ ಯಾರೂ ಯಾರಿಗೂ ಕೇಳೂದಿಲ್ಲ. ನಾ ಕೇಳತೀನಿ. ನೀ ಏನ ಮುಚ್ಚಿಟ್ಟೀದಿ?"

ಅವನ ಕೈ ತಟ್ಟೆಯಲ್ಲೇ ನಿಂತಿತು. "ಯಾಕೆ ಅಕ್ಕ?"

"ಊರಿಗೂರ ನೀ ಆಟ ಮಾರತೀ ಅಂತೈತಿ. ನಾ ನಿನಗ ನನ್ನ ಕೈಯಾರೆ ಉಣ್ಣಾಕ ಹಾಕತೀನಿ. ಮಾರಾಂವ ಆಗಿದ್ರ ನಾಳಿಂದ ಬ್ಯಾರೆ ಕಡೆ ಉಣ್ಣು."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎದುರಿದ್ದ ಮಜ್ಜಿಗೆಯ ಲೋಟಕ್ಕೆ ಇನ್ನೊಂದು ಕೈ ಚಾಚಿದ. ಆ ಕೈ ಗಾಳಿಯಲ್ಲಿ ತಡಕಾಡಿತು, ಲೋಟ ಸಿಗಲಿಲ್ಲ.

"ಎಡಗಣ್ಣು ಇಲ್ಲ ಅಕ್ಕ. ಊರಲ್ಲಿ ಆಡುವಾಗ ಒಮ್ಮೆ ಚೆಂಡು ಬಡಿದದ್ದು. ನೋಡ್ಲಿಕ್ಕೆ ಸರಿಯೇ ಉಂಟು, ಒಳಗೆ ಬೆಳಕಿಲ್ಲ. ಒಂದೇ ಕಣ್ಣಿನ ಗೋಲ್‌ಕೀಪರನನ್ನು ಯಾರು ಇಟ್ಟುಕೊಳ್ತಾರೆ ಹೇಳಿ? ನನಗೆ ಬೇರೆ ಕೆಲಸ ಬರೋದಿಲ್ಲ. ಮೀಸೆ ಬರುವ ಮೊದಲಿಂದ ಇದೊಂದೇ ಮಾಡಿದ್ದು. ಇದು ಕಡೇ ಪ್ರಯತ್ನ ಅಂತ ಇಲ್ಲಿಗೆ ಬಂದೆ. ಇಲ್ಲಿ ನೋಡಿದ್ರೆ ಚೆಂಡು ತಾನೇ ನನ್ನ ಹತ್ತಿರ ಬರ್ತದೆ. ನಾನು ಹುಡುಕ್ಬೇಕಂತ ಇಲ್ಲ."

ಈಗ ಇದನ್ನು ಬರೆಯಲು ನನಗೆ ಅಡ್ಡಿಯಿಲ್ಲ. ಎಲಿಯಾಸನೇ ಮುಂದೆ ಎಲ್ಲರೆದುರು ಹೇಳಿ, ಕಡಲ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸಲು ಹೋದ. ಆದರೆ ಅಂದು ಆ ಮಾತು ಅವನ ಬಾಯಿಂದ ಬಂದು ನನ್ನ ಹತ್ತಿರ ನಿಂತಿತು. ಇಷ್ಟು ದಿನ ಅವನ ಬಗ್ಗೆ ನಾನು ಏನೇನೋ ಅಂದುಕೊಂಡಿದ್ದೆನಲ್ಲ, ಅದಕ್ಕೆ ನನಗೇ ನಾಚಿಕೆಯಾಯಿತು. ಯಾರಿಗೂ ಹೇಳುವುದಿಲ್ಲ ಎಂದೆ. ಅವನು ಇನ್ನೊಂದು ಲೋಟ ಮಜ್ಜಿಗೆ ಕೇಳಿ ಕುಡಿದ. ಹೋಗುವಾಗ ಹೊಸ್ತಿಲ ಹತ್ತಿರ ಯಾವುದೋ ಹಾಡು ಗುನುಗುತ್ತಿದ್ದ. ಅಲ್ಲಿಯತನಕ ಅವನು ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಸಂಜೆ ಅಡಿಗೆಮನೆಯಲ್ಲಿ ಒಂದು ಬದನೆಕಾಯಿ ಕೈಜಾರಿತು. ಉರುಳಿ ಬಂದು ನನ್ನ ಕಾಲಬೆರಳಿಗೆ ತಾಗಿ ನಿಂತಿತು. ರೊಟ್ಟಿ ಬಡಿಯುತ್ತಿದ್ದ ಇಬ್ಬರು ಹೆಂಗಸರು ತಟ್ಟನೆ ಒಲೆಯ ಕಡೆ ತಿರುಗಿಕೊಂಡರು.

ಕೊನೆಯ ಆಟಕ್ಕೆ ಹೋಗಬಾರದೆಂದು ನಾನು ನಿಶ್ಚಯಿಸಿದ್ದೆ. ಹೋಗದೇ ಇದ್ದರೂ ಸಂಶಯವೇ. ಪ್ರತಿ ಆಟಕ್ಕೂ ಹೋಗುವವಳು ಇಂದೇಕೆ ಬರಲಿಲ್ಲ ಎನ್ನುತ್ತಾರೆ. ಯಾವಾಗಲೂ ಕೂರುವ ಜಾಗದಲ್ಲೇ, ಮೈದಾನದ ಉದ್ದದ ಬದಿಗೆ, ಹೆಂಗಸರ ಸಾಲಿನಲ್ಲಿ, ಕಂದಕಕ್ಕೆ ಹತ್ತಿರ ಕೂತೆ. ಪಕ್ಕದಲ್ಲಿ ಗೂಳಪ್ಪ ಮಾಸ್ತರ ಹೆಂಡತಿ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಎಲ್ಲರಿಗೂ ಏನೋ ತಪ್ಪಿದೆ ಎಂದು ಗೊತ್ತಾಯಿತು. ಎಲಿಯಾಸನ ಕಡೆ ಹೊರಟ ಚೆಂಡು ನಡುದಾರಿಯಲ್ಲಿ ಅನುಮಾನಿಸಿ ನಮ್ಮ ಬದಿಗೆ ಬಾಗುತ್ತಿತ್ತು. ಗೆರೆ ದಾಟುತ್ತಿತ್ತು, ಕಂದಕದ ಅಂಚಿಗೆ ಬಂದು ನಿಲ್ಲುತ್ತಿತ್ತು, ಅದೂ ನನ್ನ ನೇರಕ್ಕೇ. ಗುಟ್ಟು ಈಗ ಇಬ್ಬರದು. ಅವನಿಗೆ ಸಲ್ಲಬೇಕಾದ ಚೆಂಡಿನಲ್ಲಿ ಅರ್ಧ ನಾನು ಎಳೆದುಕೊಂಡಿದ್ದೆ. ಹಾಗೆ ಬಾಗಿದ ಒಂದು ಚೆಂಡಿಗೆ ಎಲಿಯಾಸ್ ತಡಮಾಡಿ ಬಿದ್ದ, ಎದುರಿನ ಟೀಮಿನವನೊಬ್ಬ ಅದನ್ನು ಸರಾಗವಾಗಿ ಬಲೆಯೊಳಗೆ ತಳ್ಳಿದ. ನಮ್ಮವರು ಹೇಗೋ ಒಂದು ಗೋಲು ಹೊಡೆದು ಸಮ ಮಾಡಿದರು. ಅಷ್ಟಾದರೂ ಜನ ಆಟ ನೋಡುತ್ತಿರಲಿಲ್ಲ, ಚೆಂಡು ನಿಲ್ಲುವ ಜಾಗ ನೋಡುತ್ತಿದ್ದರು. ಮಾಸ್ತರ ಹೆಂಡತಿ ಸೆರಗು ಸರಿಪಡಿಸಿಕೊಳ್ಳುತ್ತ ನನ್ನಿಂದ ಒಂದು ಮೊಳ ದೂರ ಸರಿದಳು. ಗೂಳಪ್ಪ ಮಾಸ್ತರು ಗಂಡಸರ ಸಾಲಿನಿಂದ ಎದ್ದು ನಿಂತು ನೇರ ನನ್ನನ್ನೇ ನೋಡಿದರು. ನಮ್ಮ ಊರಲ್ಲಿ ಹಾಗೆ ಯಾರೂ ಯಾರನ್ನೂ ನೋಡುವುದಿಲ್ಲ.

ಎದ್ದು ಮನೆಗೆ ಹೋಗಬಹುದಿತ್ತು. ಹೋದರೆ ಚೆಂಡು ಮತ್ತೆ ಅವನ ಕಡೆಗೇ ಹೋದೀತು, ಆದರೆ ಮೊದಲಿನ ಸೆಳೆತ ಈಗ ಅವನಲ್ಲಿ ಅರ್ಧವೇ ಉಳಿದಿತ್ತು. ಆ ಅರ್ಧ ಸಾಲದು. ಉಳಿದದ್ದು ನನ್ನ ಹತ್ತಿರ ಇತ್ತು. ಅದನ್ನು ಹಿಂದಕ್ಕೆ ಕೊಡುವ ದಾರಿ ಒಂದೇ ತೋಚಿತು. ನಾನು ಎದ್ದೆ. ಕಂದಕದ ಅಂಚು ಹಿಡಿದು ನಡೆದು ಎಲಿಯಾಸನ ಗೋಲಿನ ಹಿಂದೆ ಹೋದೆ. ಅಲ್ಲಿ ಯಾರೂ ಕೂರುವುದಿಲ್ಲ, ಬರೀ ಕಲ್ಲು ಕಸ. ಅವನ ಬೆನ್ನಿಗೆ ನೇರವಾಗಿ ನಿಂತೆ.

ಚೆಂಡು ಈಗ ನನ್ನ ಕಡೆ ಬರಬೇಕೆಂದರೂ ಅವನನ್ನು ದಾಟಿಯೇ ಬರಬೇಕು. ಅವನು ದಾಟಲು ಬಿಡಲಿಲ್ಲ. ಒಂದರ ಹಿಂದೆ ಒಂದು ಅವನ ಕೈಗೆ ಬಂದವು.

ಅರ್ಧ ಆಟ ಮುಗಿದ ಮೇಲೆ ಎರಡೂ ಟೀಮುಗಳು ಗೋಲು ಬದಲಿಸುತ್ತವೆ ಎನ್ನುವುದನ್ನು ನಾನು ಮರೆತಿದ್ದೆ. ಎಲಿಯಾಸ್ ಇನ್ನೊಂದು ತುದಿಗೆ ಹೋದ. ಮೈದಾನದ ಉದ್ದಕ್ಕೂ, ಇಡೀ ಊರಿನ ಕಣ್ಣೆದುರು, ನಾನೊಬ್ಬಳೇ ನಡೆಯಬೇಕಾಯಿತು. ಕಾಲಿಗೆ ಸೀರೆಯ ನಿರಿಗೆ ತೊಡರುತ್ತಿತ್ತು. ದಿನಾ ನನ್ನಲ್ಲಿ ಉಣ್ಣುವವರ ದನಿಗಳೇ ಕಿವಿಗೆ ಬಿದ್ದವು.

"ಆಕಿ ಮತ್ತ ಅಂವ. ಹಿಂಗೈತೇನು ಇದು."

"ಈ ವಯಸ್ಸಿನಾಗ."

"ಅದಕ್ಕ ಅಂವ ಎಲ್ಲಾರಕಿಂತ ಕಡೀಕ ಉಂಡ ಏಳತಿದ್ದ, ನೋಡು."

ಒಂದು ಮಾತು, ಎಡಗಣ್ಣಿಲ್ಲ ಎನ್ನುವ ಒಂದೇ ಮಾತು ಕೂಗಿಬಿಟ್ಟಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ನಾಲಿಗೆಯ ತುದಿಯವರೆಗೂ ಬಂತು. ಮೈದಾನದ ಆಚೆ ತುದಿಯಲ್ಲಿ ಎಲಿಯಾಸ್ ಎರಡೂ ಕೈ ಚಾಚಿ ಬಲೆಯ ಮುಂದೆ ನಿಂತಿದ್ದ. ನಾನು ತಲೆ ತಗ್ಗಿಸಿಕೊಂಡು ನಡೆದೆ.

ಆಟ ಮುಗಿಯುವ ಹೊತ್ತು. ಎದುರಿನವರು ಎಡ ಮೂಲೆಯಿಂದ ಚೆಂಡನ್ನು ಮೇಲಕ್ಕೆ ಹಾರಿಸಿದರು. ಗಾಳಿಯಲ್ಲಿರುವ ಚೆಂಡು ಯಾರ ಮಾತೂ ಕೇಳುವುದಿಲ್ಲ, ನಮ್ಮ ನೆಲದ್ದೂ ಕೇಳುವುದಿಲ್ಲ. ಅವರಲ್ಲೊಬ್ಬ ಹಾರಿ ಚೆಂಡಿಗೆ ತಲೆ ಕೊಟ್ಟ. ಎಲಿಯಾಸ್ ಬಲಕ್ಕೆ ನೋಡುತ್ತಿದ್ದ.

"ಎಡಕ್ಕ, ಎಲಿಯಾಸ್. ಮ್ಯಾಲ. ಎಡಕ್ಕ."

ಅಷ್ಟು ದೊಡ್ಡ ದನಿ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ಅವನು ತಿರುಗಿ ನೋಡಲೂ ಇಲ್ಲ. ಕಾಣದ ಕಡೆಗೆ ಕಾಣದೆಯೇ ಹಾರಿದ. ಮುಷ್ಟಿಯ ಅಂಚಿಗೆ ತಾಗಿದ ಚೆಂಡು ಅಡ್ಡಕಂಬದ ಮೇಲಿಂದ ಹೊರಟು ನನ್ನ ತಲೆಯ ಮೇಲೆ ಹಾದು ಹಿಂದಿನ ಜಾಲಿಮುಳ್ಳಿನ ಪೊದೆಯಲ್ಲಿ ಬಿತ್ತು. ಆಟ ಮುಗಿದ ಸೀಟಿ ಕೇಳಿಸಿತು. ಆಟ ಸಮ. ಊರು ಎರಡನೇ ದರ್ಜೆಗೆ ಏರಿತ್ತು.

ಪಟಾಕಿ ಹೊಡೆದರು. ಪೋತದಾರನನ್ನು ಹೆಗಲ ಮೇಲೆ ಹೊತ್ತರು. ನನ್ನ ಹತ್ತಿರ ಯಾರೂ ಬರಲಿಲ್ಲ.

ಮರುದಿನದಿಂದ ಖಾನಾವಳಿಗೆ ಬರುವವರು ಕಡಿಮೆಯಾದರು. ಸಂಸಾರಸ್ಥರು ಆಚೆ ಬೀದಿಯ ಹೋಟೆಲಿಗೆ ಹೋಗತೊಡಗಿದರು. ರೊಟ್ಟಿ ಬಡಿಯುವವರಲ್ಲಿ ಒಬ್ಬಳು, ಮನೆಯಲ್ಲಿ ಬೇಡ ಅಂತಾರೆ ಎಂದು ಬಿಟ್ಟಳು. ನನ್ನ ನಾದಿನಿ ತನ್ನ ಮಗನ ಮದುವೆಗೆ ಕರೆಯಲು ಬರಲಿಲ್ಲ. ಅದು ಮಾತ್ರ ಚುಚ್ಚಿತು. ಆ ಹುಡುಗನನ್ನು ನಾನೇ ಎತ್ತಿ ಆಡಿಸಿದ್ದೆ.

ಒಂದು ವಾರದ ಮೇಲೆ ಗೂಳಪ್ಪ ಮಾಸ್ತರು ಬಂದು ಯಾವಾಗಿನ ಜಾಗದಲ್ಲೇ ಕೂತರು. ಉಂಡು ಮುಗಿಸಿದರು. ಕೈ ತೊಳೆದು ಬಂದು ನಿಂತರು.

"ನೀ ಅಂದು ಎಡಕ್ಕ ಅಂತ ಕೂಗಿದಿ" ಎಂದರು.

ನಾನು ಅವರ ತಟ್ಟೆ ಎತ್ತಿದೆ. ಅವರು ನನ್ನ ಮುಖ ನೋಡಿದರು, ಆಮೇಲೆ ಸೂರಿನ ಕಡೆ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಇರ್ಲಿ. ನಾ ಏನೂ ಕೇಳಲಿಲ್ಲ. ನಾಳೆ ಎಣಗಾಯಿ ಮಾಡು."

ಎಲಿಯಾಸನಿಗೂ ಸುದ್ದಿ ಮುಟ್ಟಿತ್ತು. ರಜಕ್ಕೆ ಊರಿಗೆ ಹೊರಟವನು ಚೀಲ ಹೆಗಲಿಗೆ ಹಾಕಿಕೊಂಡೇ ಬಂದ. ಈ ಸಲ ಪೂರ್ತಿ ತಿರುಗಿ, ಕಾಣುವ ಕಣ್ಣಿನಿಂದ ನನ್ನನ್ನು ನೋಡುತ್ತ ನಿಂತ.

"ಅಕ್ಕ, ನಾನು ಎಲ್ಲರಿಗೂ ಹೇಳಿ ಬಿಡ್ತೇನೆ. ನಿಮ್ಮ ಹೆಸರು ಹಾಳಾಗೋದು ನನಗೆ ಬೇಡ."

"ಹೇಳಿದ ಮ್ಯಾಲ ಏನ ಮಾಡತಿ?"

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

"ಎರಡನೇ ದರ್ಜೆ ಒಂದು ವರ್ಷ ಆಡು. ಆಡಿದ ಮ್ಯಾಲ ನಿನಗ ಹೇಳಬೇಕು ಅನಿಸಿದ್ರ ಹೇಳು. ನನ್ನ ಹೆಸರಿಗೆ ಏನಾಗೂದು ಐತೋ ಅದು ಆಗೇತಿ."

ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ಹೊರಗೆ ಅಂಗಡಿ ಕಟ್ಟೆಯ ಮೇಲಿದ್ದವರು ಅದನ್ನೂ ನೋಡಿದರು.

ಹೊಸ ಲೀಗಿನ ಮೊದಲ ಆಟದ ದಿನ ನಾನು ಖಾನಾವಳಿಯ ಬಾಗಿಲು ಬೇಗ ಹಾಕಿದೆ. ಗೋಲಿನ ಹಿಂದೆ, ಕಲ್ಲು ಕಸದ ನಡುವೆ ನಿಲ್ಲಲು ಸಿದ್ಧಳಾಗಿ ಹೋದರೆ, ಕಸ ಬಳಿದಾಗಿತ್ತು. ನಾನು ನಿಂತಿದ್ದ ಜಾಗದಲ್ಲಿ ಒಂದು ಕುರ್ಚಿ. ಮೇಲೆ ನೆರಳಿಗೆ ತಾಡಪತ್ರಿ. ಇನ್ನೊಂದು ತುದಿಗೆ ನೋಡಿದೆ, ಅಲ್ಲಿಯೂ ಒಂದು ಕುರ್ಚಿ ಕಂಡಿತು.

ಪೋತದಾರ ಹಾಕಿಸಿದ್ದಿರಬೇಕು. ನಾನು ಅಲ್ಲಿದ್ದರೆ ಟೀಮು ಗೆಲ್ಲುತ್ತದೆ ಎನ್ನುವುದನ್ನು ಅವನು ಲೆಕ್ಕ ಹಾಕದೆ ಬಿಟ್ಟಿರುವುದಿಲ್ಲ. ಗೂಳಪ್ಪ ಮಾಸ್ತರು ಹಾಕಿಸಿದ್ದೂ ಇರಬಹುದು. ಅಥವಾ ನಗೆಯಾಡಲು ಯಾರೋ ಪೋರರು. ಗ್ಯಾಲರಿಯ ಕಡೆ ನೋಡಿದೆ. ಅಷ್ಟು ಮಂದಿಯಲ್ಲಿ ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಮರ್ಯಾದೆಗೋ, ತಿರಸ್ಕಾರಕ್ಕೋ ತಿಳಿಯಲಿಲ್ಲ. ಅದು ಗೊತ್ತಾಗದೆ ಈ ಕುರ್ಚಿಯಲ್ಲಿ ಕೂರಬಾರದು ಎಂದು ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತೇ ಇದ್ದೆ. ಅಷ್ಟರಲ್ಲಿ ಸೀಟಿ ಕೇಳಿಸಿತು, ಚೆಂಡು ನಮ್ಮ ಕಡೆ ಹೊರಟಿತು, ನಾನು ಕೂತೆ.